ರಾಣಿಗೆ ಮತ್ತೆ ಛೀಮಾರಿ

ನನ್ನ ಕುತ್ತಿಗೆಯಲ್ಲಿದ್ದ ಗಂಟನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನಾನೂ ಅಲ್ಲ. ರಿಂಗಿನ ನಡುವೆ ನನ್ನ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಸುಕುತ್ತಿದ್ದ ಮಾರಿಸೋಲ್.

ನೋಡುವವರಿಗೆ ಅವಳು ನನ್ನ ಜೀವವನ್ನೇ ತೆಗೆಯುತ್ತಿದ್ದಾಳೆ ಅನ್ನಿಸುವ ಹೊತ್ತು ಅದು. ನಿಜಕ್ಕೂ ರೆಸ್ಲಿಂಗಿನಲ್ಲಿ ಅಂಥ ಪಟ್ಟು ಬಿದ್ದಾಗಲೇ ನಾವು ಸುಧಾರಿಸಿಕೊಳ್ಳುವುದು, ಕೂದಲ ಮರೆಯಲ್ಲಿ ಪಿಸುಗುಟ್ಟಿ ಮುಂದೇನು ಮಾಡುವುದೆಂದು ಮಾತಾಡಿಕೊಳ್ಳುವುದು. ಅವತ್ತು ಮಾರಿಸೋಲ್ ಮುಂದಿನದನ್ನು ಹೇಳಲಿಲ್ಲ.

"ನಿನ್ನ ಕುತ್ತಿಗೆಯಲ್ಲಿ ಇದೇನಿದು?" ಅಂದಳು.

"ಏನು?"

"ಗಂಟು. ಬುಡದಲ್ಲಿ, ಭುಜದ ಹತ್ತಿರ. ಕೈಗೆ ಸಿಗ್ತಾ ಇದೆ."

"ನೀನು ಹಿಸುಕಿದ್ದಕ್ಕೇ ಬಾತಿರಬೇಕು," ಎಂದು ಅವಳನ್ನು ಹಗ್ಗದ ಕಡೆಗೆ ನೂಕಿದೆ. ಆಟ ಮುಂದುವರಿಯಿತು. ಮಾತಾಗಿದ್ದಂತೆ ನಾನು ಸೋತೆ. ಜನ ನನಗೆ ಚೆನ್ನಾಗಿ ಬೈದರು. ಖುಷಿಯಿಂದ ಮನೆಗೆ ಹೋದೆ.

ಇಷ್ಟು ಓದಿ ನಿಮಗೆ ಗೊಂದಲವಾಗುವ ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ಸವಿತಾ. ಹುಬ್ಬಳ್ಳಿಯವಳು. ಆಸ್ಟಿನ್‌ಗೆ ಹತ್ತಿಕೊಂಡಿರುವ ರೌಂಡ್ ರಾಕ್‌ನಲ್ಲಿ ಮನೆ, ಅಲ್ಲೇ ಕಂಪ್ಯೂಟರ್ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ಗಂಡ ರಘು ಮೈಸೂರಿನವನು, ಮಗಳು ಇಂಚರ ಶಾಲೆಗೆ ಹೋಗುತ್ತಾಳೆ. ಹೆರಿಗೆಯ ನಂತರ ಬೆನ್ನು ನೋವಿಗೆಂದು ಜಿಮ್ ಹುಡುಕುತ್ತಾ ಹೋದವಳು ದಾರಿ ತಪ್ಪಿ ಹ್ಯಾಂಕ್ ಎಂಬ ಮುದುಕರ ರೆಸ್ಲಿಂಗ್ ಶಾಲೆಯ ತಗಡಿನ ಶೆಡ್ಡಿಗೆ ಹೊಕ್ಕೆ, ಮತ್ತೆ ಹೊರಗೆ ಬರಲಿಲ್ಲ. ಹ್ಯಾಂಕ್ ಒಂದು ಕಾಲದಲ್ಲಿ ಟೆಕ್ಸಸ್ ತುಂಬ ಆಡಿದವರು. ನನಗೆ ಬೀಳುವುದನ್ನು ಕಲಿಸಿದರು, ಎಸೆಯುವುದನ್ನು ಕಲಿಸಿದರು, ಕೊನೆಗೆ ಹೆಸರನ್ನೂ ಕೊಟ್ಟರು: ರಾಣಿ. ಜರಿ ಅಂಚಿನ ಮೇಲಂಗಿ ಹೊದ್ದು, ಮೂಗೇರಿಸಿಕೊಂಡು ಬಂದು, ರಿಂಗಿಗೆ ಕಾಲಿಡುವ ಮೊದಲು ಹಗ್ಗಗಳಿಗೆಲ್ಲ ಸ್ಯಾನಿಟೈಸರ್ ಸಿಂಪಡಿಸುವ ಖಳನಾಯಕಿ ನಾನು. ಎದುರಾಳಿ ಕೈಕುಲುಕಲು ಬಂದರೆ ಅವಳ ಕೈಗೂ ಸಿಂಪಡಿಸುತ್ತಿದ್ದೆ. ಶನಿವಾರಗಳಂದು ಆಸ್ಟಿನ್, ಹ್ಯೂಸ್ಟನ್, ಡಾಲಸ್‌ನ ಚಿಕ್ಕ ಚಿಕ್ಕ ಹಾಲುಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತ ಜನ "ಬೂ..." ಎಂದು ಕೂಗುವಾಗ ನನಗಾಗುತ್ತಿದ್ದ ಸುಖವನ್ನು ಆಫೀಸಿನಲ್ಲಿ ಯಾರಿಗೂ ವಿವರಿಸಲು ಬರುತ್ತಿರಲಿಲ್ಲ.

ಮಾರಿಸೋಲ್ ಹ್ಯೂಸ್ಟನ್‌ನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಅಜ್ಜ ಮೆಕ್ಸಿಕೋದಲ್ಲಿ ಮುಖವಾಡ ತೊಟ್ಟು ಆಡುತ್ತಿದ್ದವರಂತೆ. ಅವಳು ನಾಯಕಿ, ನಾನು ಖಳನಾಯಕಿ. ರಿಂಗಿನ ಹೊರಗೆ ನನಗೆ ಅವಳಷ್ಟು ಹತ್ತಿರದ ಗೆಳತಿ ಇಲ್ಲ.

ಅವಳು ಬಿಡಲಿಲ್ಲ. ವಾರವಿಡೀ ಮೆಸೇಜು: ತೋರಿಸಿದೆಯಾ? ತೋರಿಸಿದೆಯಾ? ಮೈ ತುರಿಕೆ, ದಿಂಬು ಒದ್ದೆಯಾಗುವಷ್ಟು ಬೆವರು, ಎರಡು ಮಹಡಿ ಹತ್ತಿದರೆ ಸುಸ್ತು. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಟೆಕ್ಸಸ್‌ನ ಸೆಕೆ, ಸೋಪು ಬದಲಾಗಿದೆ, ವಯಸ್ಸಾಯಿತು. ಕೊನೆಗೆ ಅವಳ ಕಾಟ ತಾಳಲಾರದೆ ಹೋದೆ. ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದರು. ಅದುವರೆಗೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದವರು ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದರು.

ಸ್ಕ್ಯಾನ್, ಗಂಟಿನ ತುಣುಕು ತೆಗೆದು ಪರೀಕ್ಷೆ. ಫಲಿತಾಂಶದ ಫೋನ್ ಬಂದಾಗ ನಾನು ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ, ಕಾರಿನ ಡಿಕ್ಕಿಗೆ ಅಕ್ಕಿ ಮೂಟೆ ಎತ್ತಿಡುತ್ತಿದ್ದೆ. ಲಿಂಫೋಮಾ ಅಂದರು. ಕ್ಯಾನ್ಸರ್ ಹೌದಾ ಅಂತ ಕೇಳಿದೆ. ಹೌದು ಅಂದರು, ಗುಣವಾಗುವಂಥದ್ದು ಅಂತಲೂ ಅಂದರು. ಎರಡನೆಯ ಮಾತು ನನ್ನ ಕಿವಿಗೆ ಬಿದ್ದದ್ದು ತುಂಬಾ ಹೊತ್ತಿನ ಮೇಲೆ. ಡಿಕ್ಕಿ ತೆರೆದೇ ಇತ್ತು. ಪಕ್ಕದ ಕಾರಿನ ಹೆಂಗಸು "ಮುಚ್ಚಲಾ?" ಎಂದು ಕೇಳಿ, ನನ್ನ ಮುಖ ನೋಡಿ, ತಾನೇ ಮುಚ್ಚಿ ಹೋದಳು.

ರಘು ಸುದ್ದಿ ಕೇಳಿದ್ದೇ ಲ್ಯಾಪ್‌ಟಾಪ್ ತೆರೆದು ಆಸ್ಪತ್ರೆಗಳನ್ನು ಹುಡುಕತೊಡಗಿದ. ಇವನಿಗೆ ಏನೂ ಅನ್ನಿಸುವುದೇ ಇಲ್ಲವೇ ಎಂದು ನನಗೆ ಸಿಟ್ಟು. ಮರುದಿನ ಮಧ್ಯಾಹ್ನ ಕಸದ ಡಬ್ಬಿ ಹೊರಗಿಡಲು ಗ್ಯಾರೇಜಿಗೆ ಹೋದರೆ ನಿಂತ ಕಾರಿನೊಳಗೆ ಸ್ಟಿಯರಿಂಗ್ ಹಿಡಿದುಕೊಂಡು ಅಳುತ್ತಿದ್ದ. ನಾನು ಪಕ್ಕದ ಸೀಟಿನಲ್ಲಿ ಕೂತೆ.

"ಎಲ್ಲಿಗಾದ್ರೂ ಹೋಗೋಣ್ವಾ?" ಅಂದ.

"ಎಲ್ಲಿಗೆ?"

"ಗೊತ್ತಿಲ್ಲ ಕಣೆ. ಸುಮ್ನೆ ಡ್ರೈವ್ ಮಾಡ್ತೀನಿ."

ಸಂಜೆಯವರೆಗೆ ಎಲ್ಲೂ ನಿಲ್ಲದೆ ಓಡಾಡಿದೆವು. ಆ ಕಾಯಿಲೆಯ ದಿನಗಳಲ್ಲಿ ನನಗೆ ಸಿಕ್ಕ ಮೊದಲ ಔಷಧಿ ಅದು.

ಇನ್ನು ಅವ್ವನಿಗೆ ಹೇಳಬೇಕಿತ್ತು. ನಮ್ಮವ್ವ ಹುಬ್ಬಳ್ಳಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು. ಅವಳ ದನಿಗೆ ಮೈಕು ಬೇಡ. ನನಗೆ ಕಾಯಿಲೆ ಎಂದು ರಘು ಫೋನಿನಲ್ಲಿ ಹೇಳಿದ್ದೇ ತಡ, ಹೊರಟು ಬಂದಳು. ಆದರೆ ಅವಳಿಗೆ ರೆಸ್ಲಿಂಗ್ ವಿಷಯ ಗೊತ್ತಿರಲಿಲ್ಲ. ಶನಿವಾರ ಫೋನ್ ಎತ್ತದಿದ್ದರೆ ಯೋಗ ಕ್ಲಾಸಿಗೆ ಹೋಗಿದ್ದೆ ಎಂದು ಹೇಳುತ್ತಾ ಬಂದಿದ್ದೆ. ಮನೆಗೆ ಬಂದ ಮೊದಲ ವಾರದಲ್ಲೇ ಬಟ್ಟೆ ಮಡಚಿಡಲು ಬೀರು ತೆಗೆದವಳ ಕೈಗೆ ನನ್ನ ರಿಂಗಿನ ಉಡುಪು ಸಿಕ್ಕಿತು.

"ಇದೇನ?" ಎಂದು ಎತ್ತಿ ಹಿಡಿದಳು. ಕಪ್ಪು ಬಣ್ಣದ, ತೊಡೆಯವರೆಗೂ ಇಲ್ಲದ ಉಡುಪು. ಹಿಂದೆ ಚಿನ್ನದ ಅಕ್ಷರಗಳಲ್ಲಿ ಹೆಸರು.

ಹೇಳಿದೆ. ಫೋನಿನಲ್ಲಿ ಮೂರು-ನಾಲ್ಕು ವೀಡಿಯೋಗಳನ್ನೂ ತೋರಿಸಿದೆ. ಅವ್ವ ಮಂಚದ ಮೇಲೆ ಕೂತು ಪೂರ್ತಿ ನೋಡಿದಳು. ಮಾರಿಸೋಲ್ ನನ್ನನ್ನು ಎತ್ತಿ ಒಗೆದಾಗ ಎದೆ ಮೇಲೆ ಕೈಯಿಟ್ಟುಕೊಂಡಳು.

"ಕ್ಯಾನ್ಸರ್ ದೇವರು ಕೊಟ್ಟಾನ, ಅದಕ ನಾ ಏನೂ ಅನ್ನಂಗಿಲ್ಲ," ಅಂದಳು. "ಇದನ್ನ ನೀನ ಹಚ್ಕೊಂಡಿಯಲ್ಲ! ನಲವತ್ತರ ಹತ್ರ ಬಂದು, ಮಗಳನ್ನ ಇಟ್ಕೊಂಡು, ಚಡ್ಡಿ ಹಾಕ್ಕೊಂಡು ಬಡದಾಡ್ತೀ?"

"ಅವ್ವಾ, ಬಡದಾಟ ಖರೇ ಅಲ್ಲ. ಯಾರ್ ಗೆಲ್ಲಬೇಕು ಅಂತ ಮೊದಲ ಮಾತಾಡಿರ್ತೀವಿ."

"ಹಂಗಾದ್ರ ಎಲ್ಲಾ ಸಲಾ ನೀನ ಯಾಕ ಸೋಲ್ತಿ?"

ಆ ಪ್ರಶ್ನೆಗೆ ನಾನು ನಕ್ಕಷ್ಟು ಆ ತಿಂಗಳಲ್ಲಿ ಬೇರೆ ಯಾವುದಕ್ಕೂ ನಗಲಿಲ್ಲ.

ಚಿಕಿತ್ಸೆ ಹ್ಯೂಸ್ಟನ್‌ನಲ್ಲಿ. ಎರಡು ವಾರಕ್ಕೊಮ್ಮೆ ಕೀಮೋ. ರೌಂಡ್ ರಾಕ್‌ನಿಂದ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುತ್ತಿದ್ದೆವು. ಅಲ್ಲಿ ಉಳಿಯಲು ಹೋಟೆಲ್ ಹುಡುಕುತ್ತಿದ್ದಾಗ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಶೈಲಾ ಆಂಟಿ ಫೋನ್ ಮಾಡಿದರು. ಕನ್ನಡ ಸಂಘದ ಒಂದು ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದಷ್ಟೇ ಪರಿಚಯ. "ಮೇಲಿನ ರೂಮು ಖಾಲಿ ಇದೆ. ಬೀಗದ ಕೈ ಕುಂಡದ ಕೆಳಗಿರುತ್ತೆ. ನನ್ನನ್ನ ಮಾತಾಡಿಸ್ಬೇಕು ಅಂತೇನಿಲ್ಲ, ಬನ್ನಿ, ಮಲಗಿ, ಹೋಗಿ," ಅಂದರು. ನಿಜವಾಗಿಯೂ ಹಾಗೇ ನಡೆದುಕೊಂಡರು. ಕಾಯಿಲೆಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಬಾಗಿಲ ಹೊರಗೆ ಮೆಣಸಿನ ಸಾರು, ಮೆತ್ತಗಿನ ಅನ್ನ ಇಟ್ಟು ಮೆಲ್ಲಗೆ ಇಳಿದು ಹೋಗುತ್ತಿದ್ದರು. ಬಾಯಿಗೆ ಏನಿಟ್ಟರೂ ತುಕ್ಕು ನೆಕ್ಕಿದಂತಾಗುತ್ತಿದ್ದ ಆ ದಿನಗಳಲ್ಲಿ ಆ ಸಾರೊಂದೇ ಸಾರಿನಂತೆ ಇರುತ್ತಿತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ದೊಡ್ಡ ಮೇಜಿನ ಮೇಲೆ ಚೂರು ಚೂರಾದ ಒಂದು ಚಿತ್ರ ಹರಡಿರುತ್ತಿತ್ತು. ಬಂದವರು ತಮ್ಮ ಹೆಸರು ಕರೆಯುವವರೆಗೆ ಒಂದೆರಡು ಚೂರು ಜೋಡಿಸಿ ಹೋಗುವುದು ಅಲ್ಲಿನ ರೂಢಿ. ಅವ್ವ ಅಲ್ಲೇ ಠಿಕಾಣಿ ಹೂಡಿದಳು. ಎದುರಿಗೆ ಕೌಬಾಯ್ ಹ್ಯಾಟಿನ ಒಬ್ಬ ಮುದುಕರು. ಅವರಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆಕೆ ಆಕಾಶದ ಕಡೆಯಿಂದ, ಅವರು ಕೆರೆಯ ಕಡೆಯಿಂದ ಜೋಡಿಸುತ್ತಾ ಬರುತ್ತಿದ್ದರು. ಒಂದು ಚೂರು ಸರಿಯಾಗಿ ಕೂತರೆ ಅವ್ವ ಬಸ್ಸಿಗೆ ಹೇಳುವ ದನಿಯಲ್ಲಿ "ರೈಟ್!" ಅನ್ನುವಳು. ಇಡೀ ಕೋಣೆ ಬೆಚ್ಚಿ ಬಿದ್ದು ಆಮೇಲೆ ನಗುವುದು. ಎರಡನೆಯ ಸಲ ಹೋಗುವಷ್ಟರಲ್ಲಿ ಮುದುಕರೂ "ರೈಟ್!" ಅನ್ನಲು ಕಲಿತಿದ್ದರು.

ಒಮ್ಮೆ ಅವರು ಬರಲಿಲ್ಲ. ಅವ್ವ ಒಂದು ಚೂರನ್ನೂ ಮುಟ್ಟಲಿಲ್ಲ. ಬಾಗಿಲ ಕಡೆಗೇ ನೋಡುತ್ತಾ ಕೂತಳು. ಅಂಥ ಕೋಣೆಗಳಲ್ಲಿ ಖಾಲಿ ಕುರ್ಚಿ ನೋಡಿ ಎಲ್ಲರೂ ಯೋಚಿಸುವುದು ಒಂದನ್ನೇ. ಅದರ ಮುಂದಿನ ಸಲ ಹೋದರೆ ಹ್ಯಾಟಿನ ಮುದುಕರು ಮೇಜಿನ ಹತ್ತಿರ ಕೂತಿದ್ದಾರೆ! ಮೊಮ್ಮಗಳ ಮದುವೆಗೆಂದು ದಿನ ಬದಲಾಯಿಸಿಕೊಂಡಿದ್ದರಂತೆ. ಅವ್ವ ಅವರಿಗೆ ಹುಬ್ಬಳ್ಳಿ ಕನ್ನಡದಲ್ಲಿ ಬೈದಳು, "ಹೇಳಿ ಹೋಗಾಕ ಏನಾಗಿತ್ತರೀ ನಿಮಗ?" ಅವರು ಹ್ಯಾಟ್ ತೆಗೆದು ತಲೆ ಬಾಗಿಸಿದರು. ಏನು ಅರ್ಥವಾಯಿತೋ ಏನೋ, ಪೂರ್ತಿ ಅರ್ಥವಾದಂತಿತ್ತು.

ಕೂದಲು ಹೋಗತೊಡಗಿದಾಗ ಮಾರಿಸೋಲ್ ಶುಗರ್ ಲ್ಯಾಂಡ್‌ಗೆ ಟ್ರಿಮ್ಮರ್ ಹಿಡಿದುಕೊಂಡು ಬಂದಳು. ಹಿತ್ತಲಿನ ವರಾಂಡದಲ್ಲಿ ಕುರ್ಚಿ ಹಾಕಿದೆವು. ಅವ್ವನಿಗೆ ಮನಸ್ಸಿರಲಿಲ್ಲ, ಮುತ್ತೈದೆಯ ತಲೆ ಬೋಳಿಸುವುದೆಂದರೆ ಅವಳಿಗೆ ಅಪಶಕುನ. ಮಾರಿಸೋಲ್ ಸಮಾಧಾನಕ್ಕೆಂದು ಹೇಳಿದಳು: ತನ್ನ ಅಜ್ಜನ ಕಾಲದಿಂದಲೂ ಮೆಕ್ಸಿಕೋದ ಕುಸ್ತಿಯಲ್ಲಿ ಕೂದಲನ್ನೇ ಪಣಕ್ಕಿಡುವುದುಂಟು, ಸೋತವರ ತಲೆಯನ್ನು ರಿಂಗಿನಲ್ಲೇ ಬೋಳಿಸುತ್ತಾರೆ, ಅದು ಅವಮಾನವಲ್ಲ, ದೊಡ್ಡ ಆಟ ಆಡಿದ್ದಕ್ಕೆ ಗುರುತು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಅವ್ವ ಕೇಳಿಸಿಕೊಂಡು, "ನಮ್ಮಲ್ಲಿ ಸೋತವರು ಕೊಡಂಗಿಲ್ಲ ಅಂತ ಹೇಳು ಆಕಿಗೆ," ಅಂದಳು. "ಹರಕಿ ಹೊತ್ತವರು ಕೊಡ್ತಾರ. ಮುಡಿ ಅಂತಾರ ಇದಕ್ಕ. ತಾ ಇಲ್ಲಿ, ನಾನ ತೆಗಿತೇನಿ."

ಟ್ರಿಮ್ಮರ್ ಕಸಿದುಕೊಂಡು, ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಬಾಯಲ್ಲಿ ಮನೆದೇವರ ಹೆಸರು ಹೇಳುತ್ತಾ ತೆಗೆದಳು. ಇಂಚರ ಪಕ್ಕದಲ್ಲಿ ನಿಂತು ಎಲ್ಲ ನೋಡಿ, ಕೊನೆಗೆ "ಅಮ್ಮಾ, ಕ್ಯಾನ್ ಐ ಟಚ್ ಇಟ್?" ಎಂದು ಕೇಳಿದಳು. ಅವಳ ಪುಟ್ಟ ಅಂಗೈ ನನ್ನ ನೆತ್ತಿಯ ಮೇಲೆ ಓಡಾಡಿತು. ಆಮೇಲೆ ಎಷ್ಟೋ ದಿನ ಅವಳು ಶಾಲೆಗೆ ಹೋಗುವ ಮೊದಲು ಅಲ್ಲಿ ಒಮ್ಮೆ ಸವರಿಯೇ ಹೋಗುತ್ತಿದ್ದಳು.

ಎಲ್ಲವೂ ಹೀಗೆ ನಗುನಗುತ್ತಾ ಮುಗಿಯಿತು ಎಂದಲ್ಲ. ಎದೆಯಲ್ಲಿ ಕೂಡಿಸಿದ್ದ ಚಿಕ್ಕ ಕೊಳವೆಯ ಮೂಲಕ ಔಷಧಿ ಇಳಿಯಲು ಶುರುವಾದರೆ ನನಗೆ ಅದರ ವಾಸನೆ ಬಾಯಲ್ಲೇ ಬರುತ್ತಿತ್ತು. ಆಸ್ಪತ್ರೆಯ ಕಟ್ಟಡ ದೂರದಿಂದ ಕಂಡರೆ ಸಾಕು, ಕಾರಿನಲ್ಲೇ ವಾಂತಿ. ಮಧ್ಯದಲ್ಲಿ ಜ್ವರ ಬಂದು ಮಲಗಿದಾಗ ಇಂಚರಳಿಗೆ ಜಡೆ ಹಾಕಲು ರಘುವಿಗೆ ಕಲಿಸಿಬಿಡಬೇಕು ಅನ್ನಿಸಿತು, ಕಲಿಸಿದೆ. ಯಾಕೆ ಕಲಿಸುತ್ತಿದ್ದೇನೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ಕೈಯಲ್ಲಿ ಜಡೆ ಸೊಟ್ಟಗೆ ಬರುತ್ತಿತ್ತು. ಈಗಲೂ ಹಾಗೇ ಬರುತ್ತದೆ.

ಕೊನೆಯ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ, ಮೊದಲು ಬೆಳಗುತ್ತಿದ್ದ ಜಾಗಗಳೆಲ್ಲ ಈಗ ಕತ್ತಲಾಗಿರುವುದನ್ನು ತೋರಿಸಿದರು. ಅವ್ವ ಡಾಕ್ಟರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ವೀಸಾ ಅವಧಿ ಮುಗಿಯುತ್ತಿತ್ತು. ಮರುವಾರವೇ ಹುಬ್ಬಳ್ಳಿಗೆ ಹೊರಟಳು. "ಇನ್ನ ಆ ಚಡ್ಡಿ ಒಲಿಗೆ ಹಾಕು," ಎಂದು ವಿಮಾನ ನಿಲ್ದಾಣದಲ್ಲಿ ಹೇಳಿಯೇ ಒಳಗೆ ಹೋದಳು.

ಕೂದಲು ಬೆರಳಿಗೆ ಸಿಗುವಷ್ಟು ಬೆಳೆದಾಗ, ಎದೆಯ ಕೊಳವೆ ತೆಗೆದ ಗಾಯ ಮಾಯ್ದಾಗ ಹ್ಯಾಂಕ್‌ರ ಶೆಡ್ಡಿಗೆ ಹೋದೆ. ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು, ಆದರೆ ಔಷಧಿಯಿಂದ ಶ್ವಾಸಕೋಶ ಸ್ವಲ್ಪ ಸೊರಗಿದೆ, ಮೊದಲಿನಂತೆ ದಮ್ಮು ಇರಲಿಕ್ಕಿಲ್ಲ ಎಂದು ಎಚ್ಚರಿಸಿದ್ದರು. ಮರಳಿ ಆಡುತ್ತೇನೆ ಎಂದು ಹ್ಯಾಂಕ್‌ಗೆ ಹೇಳಿದೆ.

ಹ್ಯಾಂಕ್ ರಿಂಗಿನ ಅಂಚಿನಲ್ಲಿ ಪಕ್ಕ ಕೂತು, ತಾವು ಮಂಡಿ ಆಪರೇಷನ್ ಆದಮೇಲೆ ಮರಳಿದ ಕತೆ ಹೇಳಿದರು. "ನಾನು ಬಾಗಿಲಲ್ಲಿ ಕಾಣಿಸಿಕೊಂಡಾಗ ಜನ ಎದ್ದು ನಿಂತರು. ಆಟ ಶುರುವಾದ ಮೇಲೆ ಒಬ್ಬೊಬ್ಬರಾಗಿ ಕೂತರು. ಜನ ನಮ್ಮನ್ನು ಮರೆತರೆ ತಡೆದುಕೊಳ್ಳಬಹುದು ಮಗಳೇ. ನೆನಪಿಟ್ಟುಕೊಂಡು ಬಂದು, ಇವನು ಮೊದಲಿನ ಹಾಗಿಲ್ಲ ಅಂತ ಕಣ್ಣಾರೆ ಕಂಡು, ಆಮೇಲೂ ಚಪ್ಪಾಳೆ ತಟ್ಟುತ್ತಾರಲ್ಲ, ಅದನ್ನು ತಡೆದುಕೊಳ್ಳೋದು ಕಷ್ಟ."

ಅದು ನನಗೆ ಗೊತ್ತಿಲ್ಲದ್ದಲ್ಲ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಟಿ.ವಿ.ಯಲ್ಲಿ ನಾನೂ ನನ್ನ ತಮ್ಮನೂ ಕುಸ್ತಿ ನೋಡುತ್ತಿದ್ದೆವು. ತಮ್ಮನ ನೆಚ್ಚಿನ ಪೈಲ್ವಾನ ವರ್ಷಗಟ್ಟಲೆ ಕಾಣೆಯಾಗಿದ್ದು ಒಂದು ದಿನ ಮರಳಿ ಬಂದ. ಹಾಡು ಮೊಳಗಿತು, ಹೊಗೆ ಎದ್ದಿತು, ನಾವು ಕುಣಿದೆವು. ಆಟದಲ್ಲಿ ಎದುರಾಳಿಯನ್ನು ಎತ್ತಲು ಹೋದವನು ಅರ್ಧಕ್ಕೆ ಎತ್ತಿ ಬಿಟ್ಟುಬಿಟ್ಟ. ಮತ್ತೆ ಎತ್ತಲು ನೋಡಿದ. ಕ್ಯಾಮೆರಾದವರು ಅವನ ಮೇಲಿನ ಮರ್ಯಾದೆಗೆ ಜನರ ಕಡೆ ತಿರುಗಿಸಿದರು. "ಇಂವಾ ಯಾಕರ ಬಂದಾ?" ಎಂದು ತಮ್ಮ ಅತ್ತುಬಿಟ್ಟಿದ್ದ.

ನಾನು ಹಾಗಾಗುವುದಿಲ್ಲ ಅಂದುಕೊಂಡೆ. ಮರಳುವ ಪ್ರತಿಯೊಬ್ಬರೂ ಅಂದುಕೊಳ್ಳುವುದು ಅದನ್ನೇ.

ಡಾಲಸ್‌ನ ಒಂದು ಹಾಲಿನಲ್ಲಿ ನನ್ನ ಪುನರಾಗಮನ. ಪೋಸ್ಟರಿನಲ್ಲಿ ನನ್ನ ಬೋಳು ತಲೆಯ ಫೋಟೋ, ಕೆಳಗೆ 'ಕ್ಯಾನ್ಸರ್ ಗೆದ್ದ ರಾಣಿ' ಎಂಬ ಸಾಲು. ರಘು ಹೆಮ್ಮೆಯಿಂದ ಎಲ್ಲರಿಗೂ ಕಳಿಸಿದ್ದ. ಡಾಲಸ್ ಪಕ್ಕದ ಫ್ರಿಸ್ಕೋದಿಂದ ಅವನ ಗೆಳೆಯರ ಸಂಸಾರಗಳು ಒಂದು ಸಾಲು ತುಂಬುವಷ್ಟು ಬಂದಿದ್ದವು, ಮಕ್ಕಳ ಕೈಯಲ್ಲಿ ಬಣ್ಣದ ಬೋರ್ಡುಗಳು.

ಪರದೆ ಸರಿಸಿ ಹೊರಗೆ ಕಾಲಿಟ್ಟೆ. ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಮೂಗೇರಿಸಿದೆ, ಇನ್ನೂ ಜೋರು ಚಪ್ಪಾಳೆ. ಹಗ್ಗಕ್ಕೆ ಸ್ಯಾನಿಟೈಸರ್ ಸಿಂಪಡಿಸಿದರೆ, ಪಾಪ ಇವಳಿಗೆ ಸೋಂಕು ತಗಲಬಾರದು ಎನ್ನುವಂತೆ ತಲೆಯಾಡಿಸಿದರು. ಮಾರಿಸೋಲ್‌ಗೆ ಹೊಡೆದೆ, ಮುಂದಿನ ಸಾಲಿನ ಅಜ್ಜಿಯೊಬ್ಬರು "ಶಾಭಾಸ್" ಎನ್ನುವ ಹಾಗೆ ಮುಷ್ಟಿ ಎತ್ತಿದರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬೈಸಿಕೊಳ್ಳುವುದೊಂದೇ ನನಗೆ ಬರುತ್ತಿದ್ದ ವಿದ್ಯೆ, ಅದು ಅವತ್ತು ನಡೆಯಲಿಲ್ಲ.

ಆಮೇಲೆ ದಮ್ಮು ಕಟ್ಟಿತು. ಅರ್ಧ ಆಟವೂ ಆಗಿರಲಿಲ್ಲ. ಮಾರಿಸೋಲ್‌ಳನ್ನು ಹೆಗಲ ಮೇಲೆತ್ತಿ ತಿರುಗಿಸಬೇಕಿತ್ತು, ಎತ್ತಿದೆ, ತೋಳು ನಡುಗಿತು, ಅವಳನ್ನು ತಲೆಕೆಳಗಾಗಿ ಕೈಬಿಡುವಂತಾಯಿತು. ತನ್ನ ಭುಜದ ಮೇಲೆ ಹೊರಳಿ ಅವಳು ನಮ್ಮಿಬ್ಬರನ್ನೂ ಕಾಪಾಡಿದಳು. "ಮುಗಿಸೋಣ," ಎಂದು ಪಿಸುಗುಟ್ಟಿ ನನ್ನ ಮೇಲೆ ಬಿದ್ದು ಆಟ ಮುಗಿಸಿದಳು. ಚಪ್ಪಾಳೆ ಮತ್ತೆ ಬಂತು. ಮೆಲ್ಲಗಿನ, ಮರ್ಯಾದೆಯ ಚಪ್ಪಾಳೆ. ಅದರ ನಡುವೆ ಮೂರನೆಯ ಸಾಲಿನಿಂದ ಒಂದು ದನಿ ಕೇಳಿಸಿತು.

"ಪಾಪ."

ಇಡೀ ಹಾಲಿನಲ್ಲಿ ಆ ಮಾತು ಅರ್ಥವಾಗುವವರು ಬೆರಳೆಣಿಕೆಯಷ್ಟು. ಅವರಲ್ಲಿ ನಾನೂ ಒಬ್ಬಳು. ಬೆನ್ನಿನ ಮೇಲೆ ಮಲಗಿ, ಮೇಲಿನ ದೀಪ ನೋಡುತ್ತಾ, ಕೀಮೋ ದಿನಗಳಲ್ಲೂ ಅಳದಷ್ಟು ಅತ್ತೆ.

ಹೊರಗೆ ಬಂದಾಗ ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. "ಎಷ್ಟು ಇನ್‌ಸ್ಪೈರಿಂಗ್ ಸವಿತಾ!" "ನೀವು ಬಂದಿದ್ದೇ ದೊಡ್ಡದು ಬಿಡಿ." ಮನೆಗೆ ಹೋಗುವ ದಾರಿಯುದ್ದಕ್ಕೂ ರಘು ಚೆನ್ನಾಗಿತ್ತು, ಚೆನ್ನಾಗಿತ್ತು ಅನ್ನುತ್ತಲೇ ಇದ್ದ. ಚೆನ್ನಾಗಿರಲಿಲ್ಲವೆಂದು ಅವನ ದನಿಯೇ ಹೇಳುತ್ತಿತ್ತು.

ವಾರಗಟ್ಟಲೆ ಶೆಡ್ಡಿನ ಕಡೆ ಹೋಗಲಿಲ್ಲ. ಕಾಯಿಲೆ ಹೋಯಿತು, ನಾನೂ ಅದರ ಜೊತೆಗೇ ಹೋದೆ, ಉಳಿದಿರುವುದು ಪಾಪದವಳೊಬ್ಬಳು ಎಂದು ಅನ್ನಿಸುತ್ತಿತ್ತು. ಕಾಯಿಲೆಯಿಂದ ಎದ್ದವರು ಇದನ್ನು ಓದುತ್ತಿದ್ದರೆ ಅವರಿಗೆ ಗೊತ್ತಿರುತ್ತದೆ: ಎಲ್ಲರೂ ಮೆಲುದನಿಯಲ್ಲಿ ಮಾತಾಡಿಸುವ, ಕೈಯಲ್ಲಿನ ಚೀಲ ಕಸಿದುಕೊಳ್ಳುವ, ತಪ್ಪು ಮಾಡಿದರೂ ಬೈಯದ ಆ ಕಾಲ. ಆಫೀಸಿನಲ್ಲಿ ನನ್ನ ಕೆಲಸದಲ್ಲಿ ದೊಡ್ಡ ತಪ್ಪಾದರೂ ಮ್ಯಾನೇಜರು ಮುಗುಳ್ನಗುತ್ತಿದ್ದರು.

ಅವ್ವನಿಗೆ ಇಂಚರ ವೀಡಿಯೋ ಕಳಿಸಿದ್ದಳಂತೆ. ಒಂದು ಭಾನುವಾರ ಬೆಳಗ್ಗೆ ಫೋನ್ ಬಂತು.

"ನೋಡಿದೆ," ಅಂದಳು. "ಛಲೋ ಇರಲಿಲ್ಲ."

ಎಷ್ಟೋ ದಿನಗಳ ಮೇಲೆ ಯಾರೋ ನನಗೆ ನಿಜ ಹೇಳಿದ್ದರು. ಎದೆ ಹಗುರಾಯಿತು.

"ನೀನು ಒಲಿಗೆ ಹಾಕು ಅಂದಿದ್ದಿ."

"ಅಂದಿದ್ದೆ. ನೀ ಹಾಕಿಲ್ಲಲ್ಲ. ಆಡೂದಾದ್ರ ಸರಿಯಾಗಿ ಆಡು. ನೀನು ಕೆಟ್ಟಾಕಿ ಅಂತ ಹೇಳಿದ್ದಿಲ್ಲ ನನಗ? ಕೆಟ್ಟಾಕಿ ಬಿದ್ರ ಯಾರರ ಅಯ್ಯೋ ಅಂತಾರೇನ? ಅವರೆಲ್ಲಾ ನಿನ್ನ ನೋಡಿ ಮರುಗಾಕತ್ತಾರ. ಮರುಗೂ ಮಂದಿಗೆ ಮೋಸ ಮಾಡೂದು ಭಾಳ ಸಸಾರ."

ಫೋನ್ ಕಿವಿಗಿಟ್ಟುಕೊಂಡೇ ಎದ್ದು ನಿಂತೆ. "ಏನಂದಿ ಅವ್ವಾ? ಇನ್ನೊಮ್ಮೆ ಹೇಳು."

ಅವತ್ತೇ ಮಧ್ಯಾಹ್ನ ಹ್ಯಾಂಕ್‌ರ ಶೆಡ್ಡಿನಲ್ಲಿ ನಾನು, ಅವರು, ಹ್ಯೂಸ್ಟನ್‌ನಿಂದ ಓಡಿ ಬಂದ ಮಾರಿಸೋಲ್ ಕೂತೆವು. ನಾನು ಯೋಚನೆ ಹೇಳಿದೆ. ಹ್ಯಾಂಕ್ ಗಲ್ಲ ತುರಿಸಿಕೊಂಡು, "ಇದು ತೀರಾ ಕೆಟ್ಟದ್ದು," ಅಂದರು. ಆಮೇಲೆ ಅವರ ಮುಖದಲ್ಲಿ ನಗು ಹರಡಿತು. "ನನಗೆ ಮಂಡಿ ಹೋದಾಗ ಇದು ಹೊಳೆಯಲಿಲ್ಲವಲ್ಲ!"

ತಯಾರಿ ಶುರುವಾಯಿತು. ಹಳೆಯ ರಾಣಿ ಮಾಡುತ್ತಿದ್ದುದನ್ನೆಲ್ಲ ಪಕ್ಕಕ್ಕಿಟ್ಟೆವು. ಎತ್ತಿ ತಿರುಗಿಸುವುದು ಬೇಡ, ಓಡುವುದು ಕಡಿಮೆ. ನನಗೆ ದಮ್ಮು ಎಷ್ಟಿದೆಯೋ ಆಟ ಅಷ್ಟೇ ಉದ್ದ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಜನರತ್ತ ತಿರುಗಿ ಅವರನ್ನು ಹೀಯಾಳಿಸಬೇಕು. ನನಗೂ ಬಿಡುವು, ಅವರಿಗೂ ಕೆಲಸ. ಬೆಳಗ್ಗೆ ರೌಂಡ್ ರಾಕ್‌ನ ಪಾರ್ಕಿನಲ್ಲಿ ನಡೆದೆ, ಆಮೇಲೆ ನಿಧಾನ ಓಡಿದೆ. ರಘು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಬರುತ್ತಿದ್ದ.

"ಜನ ಬಯ್ಯೋದಿಲ್ವೇನೆ?" ಎಂದು ಅವನಿಗೆ ಆತಂಕ.

"ಬೈಲಿ ಅಂತಲೇ ಕಣೋ ಇಷ್ಟೆಲ್ಲ!"

ಅದೇ ಡಾಲಸ್, ಅದೇ ಹಾಲು. ಈ ಸಲ ಅವ್ವನೂ ಇದ್ದಳು. ಮತ್ತೆ ಹೊರಟು ಬಂದಿದ್ದಳು, ಇಳಕಲ್ ಸೀರೆಯುಟ್ಟು ಇಂಚರಳ ಪಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಫ್ರಿಸ್ಕೋದವರು ಒಳ್ಳೆಯ ಮನಸ್ಸಿನಿಂದ ಮತ್ತೆ ಬಂದಿದ್ದರು.

ಆಟ ಶುರುವಾದಾಗ ಹೋದ ಸಲದಂತೆಯೇ ಚಪ್ಪಾಳೆ. ನಾನು ಸೌಮ್ಯವಾಗಿ ಕೈಮುಗಿದೆ. ಸ್ವಲ್ಪ ಹೊತ್ತು ಆಡಿದ ಮೇಲೆ ಮಾರಿಸೋಲ್ ನನ್ನನ್ನು ಮೂಲೆಗೆ ಎಸೆದಳು. ನಾನು ಎದೆ ಹಿಡಿದುಕೊಂಡು ಕುಸಿದೆ. ಒಂದು ಕೈ ಎತ್ತಿ, ಸಾಕು, ಆಗುತ್ತಿಲ್ಲ ಎನ್ನುವಂತೆ ತೋರಿಸಿದೆ. ಹಾಲು ಗಪ್‌ಚುಪ್. ರೆಫರಿ ಓಡಿ ಬಂದ. ಯಾರೋ "ಆಂಬ್ಯುಲೆನ್ಸ್" ಅಂದರು. ನನ್ನ ಮುಂದೆ ಮಂಡಿಯೂರಿದ ಮಾರಿಸೋಲ್ ಕಣ್ಣಲ್ಲಿ ನಿಜಕ್ಕೂ ನೀರು ತಂದುಕೊಂಡಿದ್ದಳು, ಅಂಥ ಕಲಾವಿದೆ ಅವಳು. "ತಯಾರಾ?" ಎಂದು ತುಟಿಯಲ್ಲೇ ಕೇಳಿದಳು. ಎಬ್ಬಿಸಲೆಂದು ನನ್ನತ್ತ ಕೈ ಚಾಚಿದಳು.

ಆ ಕೈ ಹಿಡಿದೆ. ತಲೆಯೆತ್ತಿ ಜನರೆಡೆಗೆ ನೋಡಿ ನಕ್ಕೆ. ಕೈ ಎಳೆದು ಅವಳನ್ನು ಮಗುಚಿ ಹಾಕಿ, ಮೇಲೆ ಕೂತು, ರೆಫರಿಗೆ ಕಾಣದಂತೆ ನಿಯಮ ಮುರಿದು ಹಗ್ಗದ ಮೇಲೆ ಕಾಲಿಟ್ಟು ಅದುಮಿ ಹಿಡಿದೆ. ರೆಫರಿ ಮೂರು ಎಣಿಸಿದ, ನಾನು ಗೆದ್ದೆ.

ಆಮೇಲೆ ಸೂರು ಹಾರಿಹೋಗುವಂತೆ ಎದ್ದಿತು ನೋಡಿ ಆ ಸದ್ದು! ಬೂ ಎನ್ನುವುದಲ್ಲ, ಅದು ಗರ್ಜನೆ. ಮಕ್ಕಳು ಬಣ್ಣದ ಬೋರ್ಡುಗಳನ್ನು ಹರಿದು ಎಸೆದರು. ಹೋದ ಸಲ ಮುಷ್ಟಿ ಎತ್ತಿದ್ದ ಅಜ್ಜಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಫ್ರಿಸ್ಕೋ ಸಾಲಿನಲ್ಲಿ ಸದಾ ಮೆಲ್ಲಗೆ ಮಾತಾಡುವ ಒಬ್ಬ ಪ್ರಾಜೆಕ್ಟ್ ಮ್ಯಾನೇಜರು ಕುರ್ಚಿಯ ಮೇಲೆ ಹತ್ತಿ ನಿಂತು "ಥೂ! ಮೋಸ! ನಾಚಿಕೆ ಆಗಲ್ವೇನ್ರೀ ನಿಮಗೆ!" ಎಂದು ಕಿರುಚುತ್ತಿದ್ದರು. ರಘು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ. ಅವ್ವ ಎದ್ದು ಸುತ್ತ ತಿರುಗಿ ಜನರನ್ನೆಲ್ಲ ನೋಡಿ, ಎರಡೂ ಕೈ ಬಾಯಿಗೆ ಹಿಡಿದು ಎಲ್ಲರಿಗಿಂತ ಜೋರಾಗಿ ನನಗೆ "ಬೂ..." ಅಂದಳು.

ನಾನು ಹಗ್ಗದ ಮೇಲೆ ಹತ್ತಿ, ಎರಡೂ ತೋಳು ಚಾಚಿ, ಅದಷ್ಟನ್ನೂ ಮೈತುಂಬ ಹಾಕಿಸಿಕೊಂಡೆ. ಪಾಪದವಳು ಅಲ್ಲೇ ಎಲ್ಲೋ ಬಿದ್ದುಹೋಗಿದ್ದಳು. ದಮ್ಮು ಇನ್ನೂ ಉಳಿದಿತ್ತು.

ಈಗ ಕೆಲವು ತಿಂಗಳಿಗೊಮ್ಮೆ ಹ್ಯೂಸ್ಟನ್‌ಗೆ ಹೋಗಿ ತೋರಿಸಿ ಬರುತ್ತೇನೆ. ಹೋಗುವ ಹಿಂದಿನ ವಾರ ನಿದ್ದೆ ಬರುವುದಿಲ್ಲ. ಅದು ಕೊನೆಯವರೆಗೂ ಹೀಗೇ ಎಂದು ಬಲ್ಲವರು ಹೇಳಿದ್ದಾರೆ, ಒಪ್ಪಿಕೊಂಡಿದ್ದೇನೆ. ಶನಿವಾರಗಳಂದು ಆಡುತ್ತೇನೆ. ಚಿಕ್ಕ ಆಟ, ನನ್ನ ಉಸಿರಿನಳತೆಯದು.

ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು ಡಾಲಸ್‌ನಲ್ಲಿ ನಾನು ಮೋಸದಿಂದ ಗೆದ್ದ ದಿನ, ಆಟ ಮುಗಿದ ಮೇಲೆ ನಡೆದ ಒಂದು ಭೇಟಿಯಿಂದ. ಫೋಟೋ ತೆಗೆಸಿಕೊಳ್ಳುವವರಿಗೆಂದು ಹಾಲಿನ ಬಾಗಿಲಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ತಲೆಗೆ ಹಸಿರು ಸ್ಕಾರ್ಫ್ ಕಟ್ಟಿದ್ದ, ಹುಬ್ಬು ಉದುರಿದ್ದ ಒಬ್ಬ ಹೆಂಗಸು ಬಂದು ನಿಂತಳು. ನನ್ನದೇ ವಯಸ್ಸು. ಹುಬ್ಬಿಲ್ಲದ ಮುಖವನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ.

"ಮಾತಾಡಬೇಡ," ಅಂದಳು. ಗಂಟಲು ಪೂರ್ತಿ ಒಡೆದುಹೋಗಿತ್ತು. "ನಿನಗೆ ಬೈದು ಬೈದು ನನ್ನ ದನಿ ಹೋಯಿತು. ಕಾಯಿಲೆ ಬಂದ ಮೇಲೆ ನಾನು ಯಾರ ಮೇಲೂ ಹೀಗೆ ಕಿರುಚಿರಲಿಲ್ಲ. ಯಾರೂ ನನಗೆ ಅವಕಾಶವನ್ನೇ ಕೊಡುವುದಿಲ್ಲ." ಅವಳ ಮೈಯೆಲ್ಲ ನಗುತ್ತಿತ್ತು. "ಮಂಗಳವಾರ ನನಗೆ ಮುಂದಿನ ಕೀಮೋ. ಅಲ್ಲಿಗೆ ಹಿಡಿದುಕೊಂಡು ಹೋಗಲು ಒಂದು ಫೋಟೋ ಬೇಕು. ಆದರೆ ನಗಬೇಡ. ಆ ಕೆಟ್ಟ ಮುಖ ಮಾಡು."

ಅವಳಿಗೂ ಹಾಗೆ ಮುಖ ಮಾಡುವುದು ಹೇಗೆಂದು ಹೇಳಿಕೊಟ್ಟೆ. ಗಲ್ಲ ಮೇಲೆ, ಕಣ್ಣು ಸಣ್ಣ, ತುಟಿಯ ಒಂದು ತುದಿ ಮಾತ್ರ ಎತ್ತಬೇಕು. ಅವಳು ಬೇಗ ಕಲಿತಳು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಜಗತ್ತನ್ನೇ ನುಂಗಿಬಿಡುವವರಂತೆ ನೋಡಿದೆವು. ಇಂಚರ ಫೋನ್ ಎತ್ತಿ ಹಿಡಿದಳು.